ಕಿವಿಯಣ್ಣನ ಪಿಯಾನೊ ಮಾರಾಟಕ್ಕಿದೆ

ನಮ್ಮ ಚಿಕ್ಕಪ್ಪನಿಗೆ ಊರಿನವರು ಇಟ್ಟ ಹೆಸರು ಕಿವಿಯಣ್ಣ. ಅವರ ಕಿವಿ ದೊಡ್ಡದೇನಲ್ಲ, ಕೇಳಿಸುವುದು ಜಾಸ್ತಿ. ಐವತ್ತು ವರ್ಷ ಪಿಯಾನೊಗಳಿಗೆ ಶ್ರುತಿ ಕೂಡಿಸಿಯೇ ಬದುಕಿದ ಮನುಷ್ಯ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಕರೆಗಂಟೆ ಬೇಸುರಾಗಿದೆ ಎಂದು ಮುಖ ಕಿವುಚುತ್ತಿದ್ದರು. ಚಹಾ ಕೊಟ್ಟರೆ ಗಾಜಿನ ಲೋಟಕ್ಕೆ ಚಮಚದಿಂದ ಒಮ್ಮೆ ತಟ್ಟಿ, "ಇದು ಸೀಳಿದೆ, ಬೇರೆ ಕೊಡಿ" ಎನ್ನುತ್ತಿದ್ದರು. ನೋಡಿದರೆ ಸೀಳು ಕಾಣುತ್ತಿರಲಿಲ್ಲ. ಒಂದು ವಾರದೊಳಗೆ ಆ ಲೋಟ ಒಡೆದೇ ಒಡೆಯುತ್ತಿತ್ತು. ಅಂಥವರು ನೆಂಟರಾಗಿರುವುದು ಹೆಮ್ಮೆಯೂ ಹೌದು, ತಲೆನೋವೂ ಹೌದು.

ಈಗ ಅವರಿಗೆ ಎಪ್ಪತ್ತನಾಲ್ಕು. ಎಡಗಿವಿಗೆ ಮೆಷೀನು ಬಂದಿದೆ. ಬೇಕಾದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ ಎಂದು ಚಿಕ್ಕಮ್ಮನ ದೂರು.

ನಾನು ಚಿಕ್ಕಮ್ಮನ ಅಕ್ಕನ ಮಗಳು. ಅಚ್ಚುಕೂಟದಲ್ಲಿ ಕರಡು ತಿದ್ದುತ್ತೇನೆ. ಬೇರೆಯವರ ತಪ್ಪು ಹುಡುಕಿಯೇ ನನ್ನ ಹೊಟ್ಟೆ ತುಂಬಬೇಕು. ಅದಕ್ಕೇ ಇರಬೇಕು, ಪಿಯಾನೊ ಮಾರುವ ಜಾಹೀರಾತು ಬರೆಯಲು ನನ್ನನ್ನೇ ಕರೆದರು. ಅವರು ಬಾಡಿಗೆ ಮನೆ ಬಿಟ್ಟು ಇನ್ನೊಂದು ಬೀದಿಯಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗೆ ಹೋಗುವವರಿದ್ದರು. ಚಿಕ್ಕಮ್ಮ ಟೇಪು ಹಿಡಿದು ಅಲ್ಲಿನ ಮೆಟ್ಟಿಲಿನ ತಿರುವು ಅಳೆದು ಬಂದಿದ್ದಳು. ಪಿಯಾನೊ ಆ ತಿರುವಿಗಿಂತ ಒಂದು ಗೇಣು ಉದ್ದವಾಗಿತ್ತು. "ನನ್ನ ಬೆರಳಿಗೂ ಗಂಟು ಬಂದಿದೆ. ನುಡಿಸೋರು ಯಾರಾದ್ರೂ ಒಯ್ಯಲಿ," ಎಂದು ಅವಳೇ ತೀರ್ಮಾನ ಮಾಡಿಬಿಟ್ಟಳು.

ಆ ಪಿಯಾನೊ ಸಾಮಾನ್ಯದ್ದಲ್ಲ. ಮುಚ್ಚಿದ ಚಿತ್ರಮಂದಿರವೊಂದರ ಉಗ್ರಾಣದಲ್ಲಿ ಇಲಿಗಳ ಜೊತೆ ಬಿದ್ದಿತ್ತಂತೆ. ಮದುವೆಗೆ ಮೊದಲು ಚಿಕ್ಕಪ್ಪ ಅದನ್ನು ಹಾಲಿನ ವ್ಯಾನಿನಲ್ಲಿ ತಂದು, ಹನ್ನೊಂದು ತಿಂಗಳು ಕೂತು, ತಂತಿ ಕಟ್ಟಿ, ತಂತಿಗೆ ಬಡಿಯುವ ಸುತ್ತಿಗೆಗಳಿಗೆ ಹೊಸ ಉಣ್ಣೆಬಟ್ಟೆ ಅಂಟಿಸಿ, ಚಿಕ್ಕಮ್ಮನಿಗೆ ಕೊಟ್ಟಿದ್ದರು. ಅವರಿಗೆ ನುಡಿಸಲು ಬರುವುದಿಲ್ಲ. ನುಡಿಸಿ ಹಾಡುವವಳು ಚಿಕ್ಕಮ್ಮ. "ನಾನು ಅಡುಗೆಮನೆ ಕಟ್ಟೋನು, ಅಡುಗೆ ಅವಳದು," ಎನ್ನುತ್ತಿದ್ದರು.

"ಬರ್ಕೋ," ಎಂದರು ಚಿಕ್ಕಪ್ಪ. "ನೂರು ವರ್ಷ ದಾಟಿದ ಪಿಯಾನೊ. ಗೋಡೆಗೆ ಆನಿಸಿ ಇಡುವಂಥದು. ಸಣ್ಣಪುಟ್ಟ ದುರಸ್ತಿ ಬೇಕು."

ಏನು ದುರಸ್ತಿ ಎಂದು ಕೇಳಿದೆ. ಎರಡು ಬಿಳಿ ಮನೆಗಳ ದಂತದ ತುದಿ ಚಕ್ಕೆ ಎದ್ದಿದೆ (ಬೆರಳಿಟ್ಟು ಒತ್ತುವ ಪಟ್ಟಿಗಳಿಗೆ ನಮ್ಮಲ್ಲಿ ಮನೆ ಅಂತಲೇ ಹೇಳುವುದು), ಮೂರು ಸುತ್ತಿಗೆಯ ಉಣ್ಣೆ ಹುಳ ತಿಂದಿದೆ, ಎಡಗಾಲಿನ ಪೆಡಲು ಕಿರುಗುಟ್ಟುತ್ತದೆ. ಊರವರ ಪಿಯಾನೊ ರಿಪೇರಿ ಮಾಡುವವರ ಮನೆಯಲ್ಲೇ ಇದು! ದೀಪದ ಬುಡದಲ್ಲಿ ಕತ್ತಲೆ ಎಂದು ನಕ್ಕೆ. ಅವರು ನಗಲಿಲ್ಲ. "ಅಲಂಕಾರಕ್ಕೆ ಇಡುವವರಿಗೆ ಆದ್ಯತೆ ಅಂತ ಸೇರಿಸು," ಎಂದರು.

"ಯಾಕೆ ಚಿಕ್ಕಪ್ಪ? ನುಡಿಸೋರು ಬೇಡ್ವಾ?"

ಅವರಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಮೆಷೀನು ಕಿವಿಯಲ್ಲೇ ಇತ್ತು.

ಇಲ್ಲಿ ನಮ್ಮ ಮನೆಯ ಹಳೆಯ ಗಾಯವನ್ನು ಸ್ವಲ್ಪ ಹೇಳಬೇಕು. ನಮ್ಮಮ್ಮನೂ ಚಿಕ್ಕಮ್ಮನೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಇಬ್ಬರ ಮನೆಗೂ ನಡುವೆ ನಾಲ್ಕೇ ಬೀದಿ. ಅಲ್ಲಿಂದ ಇಲ್ಲಿಗೆ ನಡೆಯುವವಳು ನಾನೊಬ್ಬಳೇ. ಹೋದ ಕೂಡಲೇ ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: "ಆ ಕಡೆಯವರು ಆರಾಮಾ?" ಹೆಸರು ಹಿಡಿಯುವುದಿಲ್ಲ. ಆರಾಮು ಅಂದರೆ ಮುಖ ತಿರುಗಿಸುತ್ತಾರೆ, ಕೆಮ್ಮು ಅಂದರೆ ಔಷಧಿ ಕೊಟ್ಟು ಕಳಿಸುತ್ತಾರೆ. ಇಂಥ ಜಗಳವನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಗ ಊರಿನಲ್ಲಿ ಒಂದು ಗಾಯನ ಸಂಘವಿತ್ತು. ಅಮ್ಮ ಅಲ್ಲಿ ಪಿಯಾನೊ ನುಡಿಸುತ್ತಿದ್ದಳು, ಚಿಕ್ಕಮ್ಮ ಹಾಡುತ್ತಿದ್ದಳು. ಎರಡೂ ಪಿಯಾನೊಗಳಿಗೆ, ಅಂದರೆ ಸಂಘದ್ದಕ್ಕೂ ತಮ್ಮ ಮನೆಯದ್ದಕ್ಕೂ, ಶ್ರುತಿ ಕೂಡಿಸುವವರು ಚಿಕ್ಕಪ್ಪನೇ. ಚಿಕ್ಕಮ್ಮನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಗಂಟಲಿನ ಆಪರೇಷನ್ ಆಯಿತು. ಎರಡು ವರ್ಷ ಸಂಘಕ್ಕೆ ಹೋಗಲಿಲ್ಲ. ಮನೆಯಲ್ಲಿ ಮೆಲ್ಲಗೆ ಹಾಡುತ್ತ ಹಾಡುತ್ತ ಗಂಟಲು ಮೊದಲಿನಂತಾಯಿತು ಎಂದು ಎಲ್ಲರಿಗೂ ಹೇಳಿದಳು. ಮತ್ತೆ ಸಂಘಕ್ಕೆ ಹೋದ ಮೊದಲ ದಿನವೇ, ಇಪ್ಪತ್ತು ಜನರ ಎದುರಿಗೆ, ಅವಳ ಮೆಚ್ಚಿನ ಹಾಡಿನ ಎತ್ತರದ ಸ್ವರದಲ್ಲಿ ಗಂಟಲು ಒಡೆಯಿತು.

"ಅಕ್ಕ, ಈ ಪಿಯಾನೊ ಶ್ರುತಿ ಏರಿದೆ," ಎಂದಳು ಚಿಕ್ಕಮ್ಮ.

"ಪಿಯಾನೊ ಇದ್ದ ಹಾಗೇ ಇದೆ. ಇಳಿದಿದ್ದು ನಿನ್ನ ಗಂಟಲು," ಎಂದಳು ಅಮ್ಮ. ಅಷ್ಟಕ್ಕೇ ಬಿಡಬಹುದಿತ್ತು. ನಮ್ಮಮ್ಮನಿಗೆ ಬಿಡುವುದು ಗೊತ್ತಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೂ ಸೇರಿಸಿದಳು.

ಆಗ ಇಬ್ಬರೂ ಚಿಕ್ಕಪ್ಪನ ಕಡೆ ತಿರುಗಿದರು. ಊರಿನಲ್ಲಿ ಸ್ವರ ಅಳೆಯುವ ಶ್ರುತಿಕವೆ ಇದ್ದದ್ದು ಅವರ ಜೇಬಿನಲ್ಲಿ ಮಾತ್ರ. ಅವರು ಅದನ್ನು ಹೊರಗೆ ತೆಗೆಯಲೇ ಇಲ್ಲ. "ಮಳೆಗಾಲ. ಸಂಘದ ಪಿಯಾನೊ ಸ್ವಲ್ಪ ಏರಿದೆ," ಎಂದರು. ಕಿವಿಯಣ್ಣ ಹೇಳಿದ ಮೇಲೆ ಮುಗಿಯಿತಲ್ಲ. ಇಪ್ಪತ್ತು ಜನ ಅಮ್ಮನನ್ನು ನೋಡಿದರು. ಅಮ್ಮ ಮುಚ್ಚಳ ಹಾಕಿ ಎದ್ದವಳು ಮತ್ತೆ ಇವತ್ತಿನವರೆಗೆ ಪಿಯಾನೊ ಮುಟ್ಟಿಲ್ಲ. ತನ್ನ ಕಿವಿಯ ಮೇಲೆ ತನಗೇ ನಂಬಿಕೆ ಹೋಯಿತು ಎನ್ನುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಮಾರಾಟಕ್ಕೆ ಬರುತ್ತೇನೆ. ಮೊದಲು ಬಂದವರು ಒಬ್ಬ ಹೋಟೆಲಿನವರು. ಒಳಗಿನದನ್ನೆಲ್ಲ ಕಿತ್ತು ಹಾಕಿ, ಗಾಜಿನ ಬಾಗಿಲು ಕೂರಿಸಿ, ಬಾಟಲಿ ಜೋಡಿಸುತ್ತಾರಂತೆ. ಹುಳ ತಿಂದ ಉಣ್ಣೆ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಚಿಕ್ಕಪ್ಪ ಎರಡೂ ಕೈ ಜೋಡಿಸಿ, "ನಾಳೆನೇ ಒಯ್ಯಿರಿ," ಎಂದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಚಿಕ್ಕಮ್ಮ ಒಳಗಿನಿಂದ ಬಂದಳು. "ಅದರ ಕರುಳು ಕೀಳೋಕೆ ಕೊಡ್ತೀರಾ? ಮೊದಲು ನನ್ನದು ಕಿತ್ಕೊಳ್ಳಿ," ಎಂದಳು. ಹೋಟೆಲಿನವರು ಚಹಾ ಪೂರ್ತಿ ಕುಡಿಯದೆ ಹೋದರು.

ಎರಡನೆಯವರು ಶಾಲೆಯೊಂದರ ಸಂಗೀತದ ಟೀಚರ್. ಮೂವತ್ತೈದರ ಹೆಂಗಸು, ಮೃದು ಮಾತು. ಚಕ್ಕೆ ಎದ್ದ ದಂತವನ್ನು ಬೆರಳಿನಿಂದ ಸವರಿ, "ಇದೆಲ್ಲ ಏನೂ ಅಲ್ಲ, ಮಾಡಿಸ್ಕೋತೀನಿ," ಎಂದರು. ಆಮೇಲೆ ಚೀಲದಿಂದ ಫೋನು ತೆಗೆದರು. ಸ್ವರ ಎಷ್ಟಿದೆ ಎಂದು ಅದೇ ತೋರಿಸುತ್ತದಂತೆ. ಫೋನು ಕಂಡದ್ದೇ ತಡ, ಚಿಕ್ಕಪ್ಪ ಎದ್ದು ನಿಂತರು.

"ಮೇಡಂ, ನಿಮ್ಗೆ ಮೋಸ ಮಾಡಬಾರದು. ಇದಕ್ಕೆ ಗೆದ್ದಲು ಹಿಡಿದಿದೆ."

ಟೀಚರ್ ಕೈ ಹಿಂದಕ್ಕೆ ಎಳೆದುಕೊಂಡರು. ಚಿಕ್ಕಮ್ಮನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಅವರನ್ನು ಬೀಳ್ಕೊಟ್ಟು ಬಾಗಿಲು ಹಾಕಿದ ಮೇಲೆ ನಡೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಸಾಕು: "ನಲವತ್ತು ವರ್ಷ ದಿನಾ ಒರೆಸಿದ್ದೀನಿ. ನನ್ನ ಪಿಯಾನೊಗೆ ಗೆದ್ದಲಾ?"

ಮಾರನೆಯ ದಿನ ಚಿಕ್ಕಪ್ಪ ಮೆಷೀನಿಗೆ ಸೆಲ್ಲು ತರಲು ಹೋಗಿದ್ದರು. ಚಿಕ್ಕಮ್ಮ ಸಿಟ್ಟಿನಲ್ಲಿ ಮಾರುಕಟ್ಟೆಗೆ ಹೋಗಿದ್ದಳು. ನಾನು ನೆಲದ ಮೇಲೆ ಕೂತು ಪಿಯಾನೊದ ಕೆಳಗಿನ ಹಲಗೆಯ ಸ್ಪ್ರಿಂಗು ಒತ್ತಿದೆ. ಚಿಕ್ಕವಳಿದ್ದಾಗ ಚಿಕ್ಕಪ್ಪನೇ ತೋರಿಸಿಕೊಟ್ಟಿದ್ದರು. ಹಲಗೆ ಕೈಗೆ ಬಂತು. ಟಾರ್ಚು ಹಾಕಿ ನೋಡಿದೆ. ಗೆದ್ದಲಿನ ಸುಳಿವೇ ಇಲ್ಲ. ಹಲಗೆಯ ಒಳಮೈ ತುಂಬ ಪೆನ್ಸಿಲಿನ ಅಕ್ಷರ.

ಶ್ರುತಿ ಕೂಡಿಸುವವರಲ್ಲಿ ಒಂದು ಪದ್ಧತಿ ಇದೆ. ಕೆಲಸ ಮುಗಿದ ಮೇಲೆ ಒಳಗೆ ಎಲ್ಲಾದರೂ ತಾರೀಖು ಹಾಕಿ, ಏನು ಮಾಡಿದೆ ಎಂದು ಬರೆಯುತ್ತಾರೆ. ಮನೆಯವರು ಅದನ್ನು ನೋಡುವುದೇ ಇಲ್ಲ. ಅದು ಮುಂದೆ ಬಿಚ್ಚುವ ಕೆಲಸಗಾರನಿಗೆ. ಅಲ್ಲಿ ಸುಳ್ಳು ಬರೆದರೆ ಇನ್ನೊಬ್ಬನ ಕೈಯಲ್ಲಿ ತಂತಿ ಹರಿಯುತ್ತದೆ.

ಮೇಲಿನಿಂದ ಓದಿಕೊಂಡು ಬಂದೆ. ಹೊಸ ತಂತಿ ನಾಲ್ಕು. ಪೆಡಲಿಗೆ ಎಣ್ಣೆ. ಶ್ರುತಿ ಸರಿ. ಶ್ರುತಿ ಸರಿ. ಆಮೇಲೆ, ಚಿಕ್ಕಮ್ಮನ ಆಪರೇಷನ್ ಆದ ವರ್ಷದ ಕೊನೆಯಿಂದ ಬೇರೆ ಥರ ಶುರುವಾಯಿತು. "ಕೂದಲೆಳೆಯಷ್ಟು ಇಳಿಸಿದೆ." ಮುಂದಿನ ತಿಂಗಳು, "ಇನ್ನೊಂದು ಎಳೆ." ಹಾಗೆ ಹನ್ನೊಂದು ಸಾಲು. ಕೊನೆಗೆ, "ಒಟ್ಟು ಒಂದು ಮನೆ ಕೆಳಗೆ. ಇನ್ನು ಇಳಿಸುವುದಿಲ್ಲ." ಅದರ ಕೆಳಗೆ ವರ್ಷಕ್ಕೊಂದರಂತೆ ಎರಡೇ ಪದ: "ಹಾಗೇ ಇದೆ." ಎಣಿಸಿದೆ. ಇಪ್ಪತ್ತು ಸಲ.

ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಚಿಕ್ಕಮ್ಮ ಒತ್ತುತ್ತಿದ್ದದ್ದು ಅದೇ ಮನೆಗಳನ್ನು, ಹೊರಡುತ್ತಿದ್ದದ್ದು ಅದರ ಎಡಕ್ಕಿರುವ ಮನೆಯ ತಗ್ಗು ಸ್ವರ. ಗಂಟಲು ಮೇಲೆ ಹೋಗಲಿಲ್ಲ, ಪಿಯಾನೊವೇ ಕೆಳಗೆ ಇಳಿದು ಅವಳ ಹತ್ತಿರ ಬಂತು. ಆ ಮನೆಯ ಕೆಟ್ಟ ರೇಡಿಯೊ ಅಷ್ಟು ವರ್ಷದಿಂದ ಯಾಕೆ ಅಟ್ಟದಲ್ಲಿದೆ, ಎಲ್ಲ ರಿಪೇರಿ ಮಾಡುವ ಚಿಕ್ಕಪ್ಪ ಅದೊಂದನ್ನು ಯಾಕೆ ಮುಟ್ಟಲಿಲ್ಲ ಎಂಬುದೂ ಆಗ ಹೊಳೆಯಿತು: ಅದರ ಹಾಡಿನ ಜೊತೆ ನುಡಿಸಿದ್ದರೆ ಗುಟ್ಟು ಹೊರಬೀಳುತ್ತಿತ್ತು. ನಮ್ಮೆಲ್ಲರ ಕಿವಿಯ ಮೇಲೆ ಹೂವಿಟ್ಟ ಮಹಾನುಭಾವರು ಅಷ್ಟರಲ್ಲಿ ಬಾಗಿಲು ತೆರೆದು ಬಂದರು. ನೆಲದ ಮೇಲಿನ ಹಲಗೆ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತರು.

"ಓದಿದ್ಯಾ?"

"ಕರಡು ತಿದ್ದೋಳು ಚಿಕ್ಕಪ್ಪ. ಓದದೆ ಬಿಡ್ತೀನಾ?"

ಹೊಸ ಸೆಲ್ಲನ್ನು ಮೆಷೀನಿಗೆ ಹಾಕಿಕೊಂಡರು. ಆಮೇಲೆ ತಾವಾಗಿಯೇ ಹೇಳಿದರು. "ಆಪರೇಷನ್ ಆಗಿ ಐದು ತಿಂಗಳು ಅವಳು ಇದರ ಮುಚ್ಚಳ ತೆಗೀಲಿಲ್ಲ. ಒಂದಿನ ನಾನು ಮನೇಲಿಲ್ಲ ಅಂದ್ಕೊಂಡು ಆ ಹಾಡು ಶುರು ಮಾಡಿದಳು. ಮೇಲಿನ ಸ್ವರ ಬರಲಿಲ್ಲ. ನಿಲ್ಲಿಸಿದಳು. ಮುಚ್ಚಳ ಮುಚ್ಚಿದಳು ನೋಡು, ಧಡ್ ಅಂತ ಮುಚ್ಚಿದ್ರೆ ನಾನು ಸುಮ್ನಿರ್ತಿದ್ದೆ. ಮೆತ್ತಗೆ ಮುಚ್ಚಿದಳು. ಸತ್ತೋರ ಮುಖಕ್ಕೆ ಬಟ್ಟೆ ಎಳೀತಾರಲ್ಲ, ಹಾಗೆ. ನನ್ನ ಕೈಲಿ ತಡ್ಕೊಳ್ಳೋಕೆ ಆಗಲಿಲ್ಲ."

ಆ ಹನ್ನೊಂದು ಸಾಲನ್ನು ಮತ್ತೊಮ್ಮೆ ನೋಡಿದೆ. ಆದರೆ ನಾನು ನಮ್ಮಮ್ಮನ ಮಗಳು, ಬಿಡುವುದು ನನಗೂ ಗೊತ್ತಿಲ್ಲ. "ಅದು ಸರಿ. ಸಂಘದ ಪಿಯಾನೊ ಏರಿದೆ ಅಂದ್ರಲ್ಲ, ಅದು?"

"ಒಂದು ಮಾತು ಅಂದೆ. ನಾಲ್ಕು ದಿನಕ್ಕೆ ಅಕ್ಕತಂಗಿ ಒಂದಾಗ್ತಾರೆ ಅಂದ್ಕೊಂಡೆ. ಆಮೇಲೆ ದಿನಾ ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

"ಹೆಂಡತಿ ಗಂಟಲು ಉಳಿಸೋಕೆ ನಮ್ಮಮ್ಮನ ಕಿವಿ ತೆಗೆದ್ರಿ ನೀವು," ಎಂದು ಕಿರುಚಿದೆ. ಅಷ್ಟು ಜೋರಾಗಿ ಅವರ ಎದುರು ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ತಲೆ ಎತ್ತಲಿಲ್ಲ. "ಬಾಯಲ್ಲಿ ಸುಳ್ಳು ಹೇಳಿದೆ. ಇಲ್ಲಿ ಬರೆಯೋಕೆ ಆಗಲಿಲ್ಲ ನೋಡು," ಎಂದು ಹಲಗೆಯ ಮೇಲೆ ಕೈ ಇಟ್ಟರು.

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಚಿಕ್ಕಮ್ಮನ ಚಪ್ಪಲಿಯ ಸದ್ದು ಕೇಳಿಸಿತು. ಹಲಗೆ ಜಾಗಕ್ಕೆ ಹೋಯಿತು. ಇಬ್ಬರೂ ಕಳ್ಳರ ಹಾಗೆ ಕೂತಿದ್ದೆವು. ಚಿಕ್ಕಮ್ಮ ಬಂದವಳೇ ಚೀಲ ಕೆಳಗಿಟ್ಟು ಹೇಳಿದಳು: "ಆ ಟೀಚರ್‌ಗೆ ಫೋನ್ ಮಾಡಿದೆ. ನಮ್ಮ ಮನೆಯವರಿಗೆ ವಯಸ್ಸಾಯ್ತು, ಏನೇನೋ ಅಂತಾರೆ, ಗೆದ್ದಲೂ ಇಲ್ಲ ಏನೂ ಇಲ್ಲ ಅಂದೆ. ಭಾನುವಾರ ಬರ್ತಾರೆ."

ಭಾನುವಾರ ಬಂತು. ಟೀಚರ್ ಬಂದು ಕೂತು, ಫೋನನ್ನು ಪುಸ್ತಕ ಇಡುವ ಹಲಗೆಯ ಮೇಲೆ ನಿಲ್ಲಿಸಿದರು. ಚಿಕ್ಕಪ್ಪ ಮೆಷೀನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಹೇಡಿ ಎಂದು ಮನಸ್ಸಿನಲ್ಲೇ ಬೈದೆ. ಟೀಚರ್ ಇನ್ನೂ ಬೆರಳು ಇಟ್ಟಿರಲಿಲ್ಲ. ಚಿಕ್ಕಪ್ಪ ಮತ್ತೆ ಮೆಷೀನು ಹೊರಗೆ ತೆಗೆದು, ಕಿವಿಗೆ ಕೂರಿಸಿದರು. "ಒಂದು ನಿಮಿಷ ಮೇಡಂ," ಎಂದವರು ಹೆಂಡತಿಯ ಕಡೆ ತಿರುಗಿದರು.

"ಇದು ಒಂದು ಮನೆ ಕೆಳಗಿದೆ ಕಣೆ. ನಾನೇ ಇಳಿಸಿದ್ದು."

ಚಿಕ್ಕಮ್ಮನಿಗೆ ಮೊದಲು ತಿಳಿಯಲಿಲ್ಲ. "ಯಾವಾಗ?" ಎಂದಳು.

"ನಿನ್ನ ಆಪರೇಷನ್ ಆದ ಮೇಲೆ. ಸ್ವಲ್ಪ ಸ್ವಲ್ಪವಾಗಿ."

ಅವಳು ಪಿಯಾನೊ ನೋಡಿದಳು, ತನ್ನ ಕೈ ನೋಡಿಕೊಂಡಳು. ಗಂಟಲಿನ ಹಳೆಯ ಗೆರೆಯ ಮೇಲೆ ಬೆರಳು ಹೋಯಿತು. ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಹಾಗಾದ್ರೆ ಸಂಘದ್ದು?"

"ಸರಿಯಾಗೇ ಇತ್ತು."

"ಅಕ್ಕ ಹೇಳಿದ್ದು?"

"ಅವರು ಹೇಳಿದ್ದೇ ನಿಜ."

ಟೀಚರ್ ಫೋನನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಚಿಕ್ಕಮ್ಮನ ಮುಖ ಕೆಂಪಾಯಿತು. "ಗಂಟಲು ಇಳಿದಿದೆ ಅಂದಿದ್ರೆ ನಾನೇನು ಸಾಯ್ತಿದ್ನೇನ್ರೀ? ನಾಲ್ಕು ದಿನ ಅಳ್ತಿದ್ದೆ. ಐದನೇ ದಿನ ಕೆಳಗೆ ಹಾಡ್ತಿದ್ದೆ. ಹತ್ತೊಂಬತ್ತು ವರ್ಷ ನಮ್ಮಕ್ಕನ್ನ ಸುಳ್ಳುಗಾತಿ ಮಾಡಿದ್ನಲ್ಲ, ಅದನ್ನ ಯಾರು ಏರಿಸ್ತಾರೆ, ಯಾರು ಇಳಿಸ್ತಾರೆ?" ಆಮೇಲೆ ಟೀಚರ್ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಪಿಯಾನೊ ನಿಮ್ದೇ. ತಿಂಗಳ ಕೊನೆಯವರೆಗೆ ಸಮಯ ಕೊಡಿ. ಎಲ್ಲಿಂದ ಇಳಿಸಿದ್ದಾರೋ ಅಲ್ಲಿಗೇ ಏರಿಸಿ ಕೊಡ್ತಾರೆ."

ಹಳೆಯ ತಂತಿಯನ್ನು ಒಂದೇ ಸಲಕ್ಕೆ ಬಿಗಿದರೆ ಹರಿಯುತ್ತದೆ. ಮೂರು ವಾರ ಹಿಡಿಯಿತು. ಎರಡು ತಂತಿ ಹರಿದೇ ಹೋದವು. ದಂತ ಅಂಟಿಸಿದರು, ಪೆಡಲು ಸರಿಮಾಡಿದರು. ಅಷ್ಟು ದಿನ ಚಿಕ್ಕಮ್ಮ ಊಟದ ತಟ್ಟೆಯನ್ನು ಕುಕ್ಕಿ ಇಡುತ್ತಿದ್ದಳು, ಮಾತಿಲ್ಲ. ಕೊನೆಯ ವಾರ ಬಲಗಡೆಯ ತೀಕ್ಷ್ಣ ಸ್ವರಗಳು ಬಂದವು. ಅವು ಚಿಕ್ಕಪ್ಪನಿಗೆ ಮೆಷೀನು ಹಾಕಿದರೂ ಕೇಳಿಸುವುದಿಲ್ಲ. ತಂತಿ ಬಿಗಿಯುವ ಕೀಲಿ ಹಿಡಿದು ಸುಮ್ಮನೆ ಕೂತಿದ್ದರು. ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. "ಇನ್ನೂ ಸ್ವಲ್ಪ," ಎಂದಳು. "ಇನ್ನೂ. ಹಾಂ, ಸಾಕು." ಅವರಿಬ್ಬರ ರಾಜಿ ಅಷ್ಟೇ.

ಅಮ್ಮನಿಗೆ ಹೇಳಿದವಳು ನಾನು. ಆವತ್ತೇ ಹೇಳಿದ್ದೆನಲ್ಲ ಎಂದು ಊರಿಗೆಲ್ಲ ಕೇಳಿಸುವಂತೆ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಬಾಚುತ್ತಿದ್ದವಳು ಬಾಚಣಿಗೆ ಕೆಳಗಿಟ್ಟು, "ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇತ್ತು," ಎಂದಳು, ಎರಡು ಸಲ. ಆಮೇಲೆ, "ಅವಳು ಅತ್ತಳಾ?" ಎಂದು ಕೇಳಿದಳು. ಬಹಳ ಹೊತ್ತಿನ ಮೇಲೆ, "ನೆಲ ಡೊಂಕು ಅನ್ಬಾರದಿತ್ತು ನಾನು. ಅವಳ ಮನೆ ನೆಲ ನಿಜವಾಗ್ಲೂ ಡೊಂಕಿತ್ತು ಪಾಪ," ಎಂದಳು.

ಪಿಯಾನೊ ಹೋಗುವ ಹಿಂದಿನ ಸಂಜೆ ಅಮ್ಮ ಬಂದಳು. ನಾಲ್ಕು ಬೀದಿ ನಡೆಯಲು ಹತ್ತೊಂಬತ್ತು ವರ್ಷ ಬೇಕಾಯಿತು. ಬಾಗಿಲಲ್ಲಿ ಚಿಕ್ಕಮ್ಮ, "ಕೆಮ್ಮು ಹೇಗಿದೆ?" ಎಂದಳು. "ನಿನ್ನ ಔಷಧಿ ಕಹಿ," ಎಂದಳು ಅಮ್ಮ. ಚಿಕ್ಕಪ್ಪನ ಕಡೆ ಅವಳು ನೋಡಲಿಲ್ಲ. ನೇರವಾಗಿ ಹೋಗಿ ಪಿಯಾನೊ ಮುಂದೆ ಕೂತಳು. ಬೆರಳು ಮರೆತಿತ್ತು, ಎಡವುತ್ತ ಎಡವುತ್ತ ಆ ಹಾಡಿನ ಮೊದಲ ಸಾಲು ಹಿಡಿದಳು. ಚಿಕ್ಕಮ್ಮ ಅವಳ ಹಿಂದೆ ನಿಂತು ಹಾಡಿದಳು. ಎತ್ತರದ ಸ್ವರ ಬಂತು. ಆವತ್ತು ಒಡೆದಲ್ಲೇ ಇವತ್ತೂ ಗಂಟಲು ಒಡೆಯಿತು.

ಅಮ್ಮ ತಿರುಗಿ ನೋಡಲಿಲ್ಲ, ಏನೂ ಹೇಳಲಿಲ್ಲ. ಎರಡೂ ಕೈಗಳನ್ನು ಎತ್ತಿ ಒಂದು ಮನೆ ಎಡಕ್ಕೆ ಇಟ್ಟಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಬೆರಳು ಇನ್ನೂ ಹೆಚ್ಚು ಎಡವಿತು, ಚಿಕ್ಕಮ್ಮ ಕಾದು ಕಾದು ಹಾಡಿದಳು, ಮೇಲಿನ ಸ್ವರ ದಾಟಿ ಹೋಯಿತು.

ಹಾಡು ಮುಗಿಯುವ ಮೊದಲೇ ಚಿಕ್ಕಮ್ಮ ನಿಲ್ಲಿಸಿದಳು. "ಅಷ್ಟೇನಾ ಅಕ್ಕ?"

"ಅಷ್ಟೇ ಕಣೆ," ಎಂದಳು ಅಮ್ಮ. "ಕೇಳಿದ್ರೆ ಆವತ್ತೇ ಇಳಿಸ್ತಿದ್ದೆ."

ಚಿಕ್ಕಮ್ಮ ಅಕ್ಕನ ಹೆಗಲಿಗೆ ಹಣೆ ಇಟ್ಟು ಅತ್ತಳು. ಚಿಕ್ಕಪ್ಪ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ಮೆಷೀನು ಕಿವಿಯಲ್ಲೇ ಇತ್ತು.